ಈಮ್ಯಾಕ್ಸ್‌ನಲ್ಲಿ ಅಸಿಂಕ್ ಶೆಲ್ ಬ್ಲಾಕ್‌ಗೆ ಸ್ಲೀಪ್ ಇಲ್ಲದ ಟೆಸ್ಟ್

ಅಸಿಂಕ್ ಕೋಡಿಗೆ, ಅಂದರೆ ನಮ್ಮನ್ನು ಕಾಯಿಸದೆ ಹಿನ್ನೆಲೆಯಲ್ಲಿ ಓಡುವ ಕೋಡಿಗೆ, ನಂಬುವಂಥ ಟೆಸ್ಟ್ ಬರೆಯೋಕೆ ಆಗಲ್ಲ ಅಂತ ಜೊತೆಯವರೆಲ್ಲ ಹೇಳಿದ್ದರು. ನಾಲ್ಕೈದು ತಿಂಗಳಾಯಿತು, ನನ್ನ ಟೆಸ್ಟ್ ಒಮ್ಮೆಯೂ ಸುಮ್ನೆ ಫೇಲ್ ಆಗಿಲ್ಲ.

ಈಮ್ಯಾಕ್ಸ್ ಎಡಿಟರ್‌ನ ಆರ್ಗ್‌ನಲ್ಲಿ ಟಿಪ್ಪಣಿಯ ನಡುವೆಯೇ ಶೆಲ್ ಕಮಾಂಡ್‌ಗಳ ಬ್ಲಾಕ್ ಬರೆದು ಓಡಿಸಬಹುದು. ಆರ್ಗ್ 9.7ರಿಂದ ಸೆಷನ್ (ಬ್ಲಾಕ್ ಮುಗಿದರೂ ತೆರೆದೇ ಇರುವ ಶೆಲ್) ಇರುವ ಶೆಲ್ ಬ್ಲಾಕ್‌ಗೂ ಅಸಿಂಕ್ ಹೆಡರ್ ಬಂತಲ್ವಾ, ನಮ್ಮ ಬ್ಯಾಕಪ್ ಕೆಲಸವೆಲ್ಲ ಅದರಲ್ಲೇ ಓಡುತ್ತದೆ. ಮೊದಲು ಎಲ್ಲರ ಹಾಗೆ ಬ್ಲಾಕ್ ಓಡಿಸಿ, 2 ಸೆಕೆಂಡ್ ಕಾದು, ಫಲಿತಾಂಶ ನೋಡುವ ಟೆಸ್ಟ್ ಇತ್ತು. ಲ್ಯಾಪ್‌ಟಾಪ್‌ನಲ್ಲಿ ಪಾಸ್. ಬಾಡಿಗೆ ಸರ್ವರ್‌ನಲ್ಲಿ ಹತ್ತಕ್ಕೆ ಒಂದೆರಡು ಸಲ ಫೇಲ್. ಕಾಯುವುದನ್ನು 5 ಸೆಕೆಂಡ್ ಮಾಡಿದರೆ ಇಡೀ ಟೆಸ್ಟ್ ಸೂಟ್ ಆರೇಳು ನಿಮಿಷಕ್ಕೆ ಹೋಯಿತು. ನಿಮಿಷದ ಲೆಕ್ಕದಲ್ಲಿ ದುಡ್ಡು ಕಟ್ಟುವುದು, ತಿಂಗಳ ಬಿಲ್ 700-800 ರೂಪಾಯಿಯಿಂದ 2,000 ದಾಟಿತು. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಬ್ಲಾಕ್ ಸಿಂಕ್ ಆಗಿ, ಅಂದರೆ ಮುಗಿಯುವ ತನಕ ಈಮ್ಯಾಕ್ಸ್ ಅನ್ನು ಹಿಡಿದಿಟ್ಟು, ಓಡಿದರೂ ಆ ಟೆಸ್ಟ್ ಪಾಸ್ ಆಗುತ್ತದೆ! ಅಂದರೆ ಅಸಿಂಕ್ ಅನ್ನು ಅದು ಪರೀಕ್ಷಿಸುವುದೇ ಇಲ್ಲ.

ಪರಿಹಾರ ಒಂದು ಫೈಫೊ, ಅಂದರೆ ಒಂದು ಪ್ರೋಸೆಸ್ ಬರೆದದ್ದನ್ನು ಇನ್ನೊಂದು ಓದುವ ಪೈಪ್‌ನಂಥ ಫೈಲ್. ಅದೇ ನನ್ನ ಗೇಟ್. ಬ್ಲಾಕ್ ಒಳಗೆ 10 ಸೆಕೆಂಡ್ ಟೈಮ್‌ಔಟ್ ಹಾಕಿ ಆ ಫೈಫೊವನ್ನು ಕ್ಯಾಟ್ ಕಮಾಂಡ್‌ನಿಂದ ಓದಿಸಿದೆ. ನಾನು ಏನಾದರೂ ಬರೆಯುವ ತನಕ ಶೆಲ್ ಗೇಟ್ ಮುಂದೆ ನಿಂತಿರುತ್ತದೆ. ಆಗಲೇ ಕಂಟ್ರೋಲ್ ವಾಪಸ್ ಬಂದು, ಫಲಿತಾಂಶದ ಜಾಗದಲ್ಲಿ ಅದು ಬರುವ ತನಕ ಆರ್ಗ್ ಇಡುವ ಉದ್ದದ ಐಡಿ ಕೂತಿದ್ದರೆ ಅಸಿಂಕ್ ಅನ್ನುವುದು ಖಾತ್ರಿ. ಸಿಂಕ್ ಆಗಿದ್ದರೆ ಟೈಮ್‌ಔಟ್ ಮುಗಿದ ಮೇಲೆ ಐಡಿ ಇಲ್ಲದೆ ಬರುತ್ತದೆ, ಫೇಲ್. ಗೇಟ್ ತೆರೆಯುವುದನ್ನು, ಅಂದರೆ ಫೈಫೊಗೆ ಬರೆಯುವುದನ್ನು, ಬೇರೆ ಪ್ರೋಸೆಸ್‌ನಿಂದ ಮಾಡಿಸಿ. ಓದುವವರಿಲ್ಲದ ಫೈಫೊಗೆ ಬರೆಯಲು ಹೋದರೆ ಈಮ್ಯಾಕ್ಸೇ ನಿಂತುಬಿಡುತ್ತದೆ. ಆಮೇಲೆ ಐಡಿ ಮಾಯವಾಗುವ ತನಕ ಆಕ್ಸೆಪ್ಟ್-ಪ್ರೋಸೆಸ್-ಔಟ್‌ಪುಟ್ (ಪ್ರೋಸೆಸ್‌ನ ಔಟ್‌ಪುಟ್‌ಗೆ ಕಾಯುವ ಈಮ್ಯಾಕ್ಸ್ ಫಂಕ್ಷನ್) ಅನ್ನು 0.05 ಸೆಕೆಂಡ್‌ನಂತೆ ಲೂಪ್‌ನಲ್ಲಿ ಕರೆಯಬೇಕು. ಬರೀ ವೈಲ್ ಲೂಪ್ ಸಾಲದು, ಕಾಯದಿದ್ದರೆ ಈಮ್ಯಾಕ್ಸ್ ಔಟ್‌ಪುಟ್ ಓದುವುದೇ ಇಲ್ಲ, ಐಡಿ ಜಾಗಕ್ಕೆ ಫಲಿತಾಂಶ ಹಾಕುವ ಫಿಲ್ಟರ್ ಓಡುವುದೇ ಇಲ್ಲ.

ಗೇಟ್ ಸಿಕ್ಕ ಮೇಲೆ ಆಟ ಶುರುವಾಯಿತು. ಶೆಲ್ ನಿಂತಿರುವಾಗ ಬ್ಲಾಕ್ ಮೇಲೆ ಇನ್ನೂರು ಸಾಲು ತುರುಕಿದೆ, ಫಲಿತಾಂಶ ಸರಿಯಾದ ಜಾಗಕ್ಕೇ ಬಂತು. ಒಂದೇ ಸೆಷನ್‌ಗೆ ಎರಡು ಬ್ಲಾಕ್ ಕಳಿಸಿದಾಗ ಮಾತ್ರ ನಿಜವಾದ ಬಗ್ ಸಿಕ್ಕಿತು: ಮೊದಲನೆಯದರಲ್ಲಿ ಎಸ್‌ಎಸ್‌ಎಚ್ (ಬೇರೆ ಯಂತ್ರಕ್ಕೆ ಲಾಗಿನ್ ಆಗುವ ಕಮಾಂಡ್) ಇದ್ದರೆ ಅದು ಎರಡನೆಯ ಬ್ಲಾಕ್‌ನ ಸಾಲುಗಳನ್ನೇ ತನ್ನ ಇನ್‌ಪುಟ್ ಅಂತ ನುಂಗುತ್ತದೆ. ಎಸ್‌ಎಸ್‌ಎಚ್‌ಗೆ ಇನ್‌ಪುಟ್ ಓದಬೇಡ ಅನ್ನುವ ಮೈನಸ್ ಎನ್ ಕೊಟ್ಟೆ, ಸರಿಹೋಯಿತು. ಇಂಥದ್ದನ್ನು ಸ್ಲೀಪ್ ಹಾಕಿದ ಟೆಸ್ಟ್ ಯಾವತ್ತೂ ಹಿಡಿಯುತ್ತಿರಲಿಲ್ಲ. ಬ್ಲಾಕ್‌ಗಳನ್ನು ಅಸಿಂಕ್ ಓಡಿಸುವ ಬೇರೆ ಪ್ಯಾಕೇಜ್ ಒಬಿ-ಅಸಿಂಕ್‌ನಲ್ಲೂ ಇದೇ ಗೇಟ್ ನಡೆಯುತ್ತದೆ, ಅಲ್ಲಿ ಬ್ಲಾಕ್‌ಗೊಂದು ಈಮ್ಯಾಕ್ಸ್ ಏಳುವುದರಿಂದ ಯಾವ ಗೇಟ್ ಮೊದಲು ತೆರೆದರೂ ನಡೆಯುತ್ತದೆ.

ಈಗ ಸೂಟ್ 20 ಸೆಕೆಂಡ್ ಆಸುಪಾಸು.  ಮ್ಯಾಕ್‌ನವರು ಕೋರ್‌ಯುಟಿಲ್ಸ್ ಪ್ಯಾಕೇಜ್ ಹಾಕಿಕೊಳ್ಳಿ, ಟೈಮ್‌ಔಟ್ ಕಮಾಂಡ್ ಅದರಲ್ಲಿ ಬರುತ್ತದೆ.