ಪ್ರೋಗ್ರಾಂ ಮ್ಯಾನೇಜ್ಮೆಂಟ್ ಹೊಸಬರಿಗೆ, ನಮ್ಮ ತೋಟದ ಲೆಕ್ಕದಲ್ಲಿ

ಮೊನ್ನೆ ಯಾರೋ ಕೇಳಿದ್ರಲ್ಲ, ಪ್ರಾಜೆಕ್ಟಿಗೂ ಪ್ರೋಗ್ರಾಂಗೂ ಏನ್ ವ್ಯತ್ಯಾಸ ಅಂತ. ನಾನು ಬೆಂಗಳೂರಲ್ಲಿ ಇದೇ ಕೆಲ್ಸ ಮಾಡೋದು, ಆದ್ರೆ ಸರಿಯಾಗಿ ತಲೆಗೆ ಹೋಗಿದ್ದು ಮೂಡಿಗೆರೆ ಹತ್ರ ನಮ್ಮ ತೋಟದಲ್ಲೇ.

ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸೋ ಮಷೀನು) ಹಾಕ್ಸೋದು ಒಂದು ಪ್ರಾಜೆಕ್ಟು, ಕಾಫಿ ಒಣಗಿಸೋ ಕಣಕ್ಕೆ ಕಾಂಕ್ರೀಟ್ ಹಾಕ್ಸೋದು ಇನ್ನೊಂದು. ಎರಡೂ ಯಾಕೆ ಅಂದ್ರೆ, ಕಾಫಿ ಹಣ್ಣನ್ನ ಹಾಗೇ ಒಣಗಿಸಿ ಮಾರೋ ಬದ್ಲು ಪಾರ್ಚ್‌ಮೆಂಟ್ (ಸಿಪ್ಪೆ ಬಿಡಿಸಿ, ತೊಳೆದು ಒಣಗಿಸಿದ ಬೀಜ) ಮಾಡಿ ನಾಲ್ಕು ಕಾಸು ಜಾಸ್ತಿ ನೋಡೋಣ ಅಂತ. ಆ ‘ಯಾಕೆ’ಗೋಸ್ಕರ ಎರಡನ್ನೂ ಒಟ್ಟಿಗೆ ನಡೆಸೋದೇ ಪ್ರೋಗ್ರಾಂ.

ನಾವು ಎಡವಿದ್ದು ಕೇಳಿ. ಪಲ್ಪರ್ ಹೇಳಿದ್ ಟೈಮಿಗೆ ಬಂತು, ಕರೆಂಟೂ ಆಯ್ತು, ಅಪ್ಪಾಜಿ ಖುಷಿಯಾಗಿ ಪೂಜೆನೂ ಮಾಡ್ಸಿದ್ರು, ಆದ್ರೆ ಮೇಸ್ತ್ರಿನ ಹೋಂಸ್ಟೇ ರೂಮಿನ ಕೆಲ್ಸಕ್ಕೆ ಎಳ್ಕೊಂಡಿದ್ರಿಂದ ಕಣ ಅರ್ಧಕ್ಕೆ ನಿಂತಿತ್ತು. ಹಣ್ಣು ಕುಯ್ದ ದಿನವೇ ಪಲ್ಪ್ ಮಾಡ್ಬೇಕು, ಇಲ್ಲಾಂದ್ರೆ ಹುಳಿ ಬರುತ್ತೆ, ಪಲ್ಪ್ ಮಾಡಿ ತೊಳೆದಿದ್ದನ್ನ ಹರಡೋಕೆ ಜಾಗ ಇಲ್ಲ, ಕೊನೆಗೆ ಟಾರ್ಪಾಲ್ ಮೇಲೆ ಹರಡಿ ಮೋಡ ಬಂದಾಗೆಲ್ಲ ಎತ್ತೋದೇ ಕೆಲ್ಸ. ಹೋಂಸ್ಟೇ ಈ ಪ್ರೋಗ್ರಾಂಗೆ ಸೇರಿದ್ದೇ ಅಲ್ಲ, ಆದ್ರೆ ಆಳು ಒಬ್ನೇ ಅಲ್ವಾ!

ಅದಕ್ಕೇ ಹೇಳೋದು, ಮೊದ್ಲು ಒಂದು ಎಕ್ಸೆಲ್ ಶೀಟಲ್ಲಿ ಯಾವ್ದು ಮುಗಿದ್ರೆ ಯಾವ್ದು ಶುರು, ಯಾರ್ ಜವಾಬ್ದಾರಿ, ಅದೇ ಆಳು ಬೇರೆ ಎಲ್ಲೆಲ್ಲಿ ಸಿಕ್ಕಾಕೊಂಡಿದಾನೆ ಇಷ್ಟು ಬರ್ಕೊಳ್ಳಿ, ವಾರಕ್ಕೊಂದ್ಸಲ ಎಲ್ಲರನ್ನೂ ಕೂರಿಸ್ಕೊಂಡು ನೋಡಿ. ಪಿಎಂಐ (ಪ್ರಾಜೆಕ್ಟ್ ಮ್ಯಾನೇಜ್ಮೆಂಟ್ ಇನ್ಸ್ಟಿಟ್ಯೂಟ್) ಅನ್ನೋ ಸಂಸ್ಥೆಯವರು ಪ್ರೋಗ್ರಾಂ ಮ್ಯಾನೇಜರುಗಳಿಗೆ ಕೊಡೋ ಪಿಜಿಎಂಪಿ ಸರ್ಟಿಫಿಕೇಟಿಗೆ ಈಗ್ಲೇ ಓಡ್ಬೇಡಿ, ಅದಕ್ಕೆ ವರ್ಷಗಟ್ಟಲೆ ಅನುಭವ ತೋರಿಸ್ಬೇಕು.