ವಾರ್ಡಿಗೆ ಸಾಕಷ್ಟು ನರ್ಸ್‌ಗಳನ್ನು ಕೇಳುವ ಬಗೆ

ಸಿಬ್ಬಂದಿ ಸಾಲದೆಂಬ ದೂರು ಬರೀ ಬಾಯಿಮಾತಾಗಿ ಉಳಿದರೆ ಮೇಲಿನವರ ಕಿವಿಗೆ ಬೀಳುವುದಿಲ್ಲ. ಆದ್ದರಿಂದ ಪ್ರತಿ ಪಾಳಿಯಲ್ಲೂ ರೋಗಿಗಳೆಷ್ಟು, ನರ್ಸ್‌ಗಳೆಷ್ಟು, ಯಾವ ಔಷಧಿ ಕೊಡುವುದು ಎಷ್ಟು ತಡವಾಯಿತು ಎಂಬುದನ್ನು, ರೋಗಿಗಳ ಹೆಸರು ನಮೂದಿಸದೆ, ಕನಿಷ್ಠ ಒಂದು ತಿಂಗಳು ಬರೆದಿಡಬೇಕು. ರಾತ್ರಿ ಎರಡು ಗಂಟೆಗೆ ಒಬ್ಬರಿಗೆ ರಕ್ತ ಏರಿಸಲು ಆರಂಭಿಸಿದ ನರ್ಸ್, ವಾರ್ಡಿನ ಇನ್ನೊಂದು ತುದಿಯಲ್ಲಿ ಉಸಿರಿಗೆ ಒದ್ದಾಡುತ್ತಿರುವವರ ಬಳಿಗೆ ಓಡಲೇಬೇಕಾದಾಗ, ಮೊದಲ ಹದಿನೈದು ನಿಮಿಷಗಳ ನಿಗಾ ತಪ್ಪಿಹೋಗುತ್ತದೆ. ಇಂಥದ್ದನ್ನೇ ವೇಳೆಯ ಸಮೇತ ದಾಖಲಿಸಿ. ಇದು ಜೀವದ ಪ್ರಶ್ನೆ.

ಬಳಿಕ ಈ ಲೆಕ್ಕವನ್ನು ಭಾರತೀಯ ನರ್ಸಿಂಗ್ ಕೌನ್ಸಿಲ್‌ನ ಮಾನದಂಡದೊಂದಿಗೆ ಹೋಲಿಸಿ: ಸಾಮಾನ್ಯ ವಾರ್ಡಿನಲ್ಲಿ, ಬೋಧನಾ ಆಸ್ಪತ್ರೆಯಾದರೆ 3 ರೋಗಿಗಳಿಗೆ ಒಬ್ಬರು, ಇತರ ಆಸ್ಪತ್ರೆಯಾದರೆ 5 ರೋಗಿಗಳಿಗೆ ಒಬ್ಬರು, ಜೊತೆಗೆ ರಜೆಯ ಸಲುವಾಗಿ ಶೇ 30ರಷ್ಟು ಹೆಚ್ಚುವರಿ ಸಿಬ್ಬಂದಿ. ಸರ್ಕಾರಿ ಆಸ್ಪತ್ರೆಯ ಮಂಜೂರಾದ ಹಾಗೂ ಖಾಲಿ ಹುದ್ದೆಗಳ ವಿವರವನ್ನು ಮಾಹಿತಿ ಹಕ್ಕು ಕಾಯ್ದೆ, 2005ರ ಅಡಿಯಲ್ಲಿ 10 ರೂಪಾಯಿ ಶುಲ್ಕ ಕಟ್ಟಿ ಕೇಳಬಹುದು. 30 ದಿನಗಳೊಳಗೆ ಉತ್ತರ ಬರಬೇಕು.

ಮನವಿಯನ್ನು ಒಬ್ಬರೇ ಕೊಡದೆ ಸಂಘದ ಮೂಲಕ ನರ್ಸಿಂಗ್ ಅಧೀಕ್ಷಕರಿಗೂ ಆರೋಗ್ಯ ಇಲಾಖೆಗೂ ಸಲ್ಲಿಸಿ ಸ್ವೀಕೃತಿ ಪಡೆಯಿರಿ. ಬಜೆಟ್ ಸಿದ್ಧವಾಗುವ ಮುನ್ನ ಶಾಸಕರನ್ನು ಕಂಡು ಸದನದಲ್ಲಿ ಪ್ರಶ್ನಿಸುವಂತೆ ಕೋರಿ. ಮಾನದಂಡಕ್ಕೆ ಕಾನೂನಿನ ಬಲವನ್ನೂ ಕೇಳಬೇಕು. ಕ್ಯಾಲಿಫೋರ್ನಿಯಾದ ನರ್ಸ್‌ಗಳ ಸಂಘ ಪಟ್ಟು ಹಿಡಿದು ಹೋರಾಡಿದ್ದರಿಂದ ಅಲ್ಲಿ 1999ರಲ್ಲಿ ಅಂಥ ಕಾನೂನಾಯಿತು, 2004ರಿಂದ ಅನುಪಾತಗಳು ಜಾರಿಗೆ ಬಂದವು.