ಮೈಸೂರು ರೇಡಿಯೋ ಕೇಳಿದವರನ್ನು ಹುಡುಕಿ: ನನ್ನ ಅನುಭವ

ಮೈಸೂರಿನ ಮೊದಲ ಆಕಾಶವಾಣಿಯ ಕಥೆ ಬಹಳ ಜನರಿಗೆ ಗೊತ್ತು. 1935ರಲ್ಲಿ ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ಒಂಟಿಕೊಪ್ಪಲಿನ ತಮ್ಮ ಮನೆಯಿಂದಲೇ ಪ್ರಸಾರ ಶುರು ಮಾಡಿದರು. ಟ್ರಾನ್ಸ್‌ಮಿಟರ್ ಶಕ್ತಿ ಬರೀ 30 ವ್ಯಾಟ್. ಒಂದು ಸಣ್ಣ ಬಲ್ಬಿನಷ್ಟು! ಸಾಹಿತಿ ನಾ. ಕಸ್ತೂರಿಯವರೂ ಜೊತೆಗಿದ್ದರು. 1942ರಲ್ಲಿ ಮೈಸೂರು ಸಂಸ್ಥಾನ ಅದನ್ನು ವಹಿಸಿಕೊಂಡಿತು. 1955ರಲ್ಲಿ ನಿಲಯ ಬೆಂಗಳೂರಿಗೆ ಹೋಯಿತು.

ನಡೆಸಿದವರ ಹೆಸರು ಹೀಗೆ ಉಳಿದಿದೆ. ಕೇಳಿದವರ ಕಥೆ ಎಲ್ಲಿದೆ? ನಾನು ಹುಡುಕಿದ್ದು ಅದನ್ನು.

ಹಿರಿಯರ ಹತ್ತಿರ 'ಏನು ಕೇಳ್ತಿದ್ರಿ?' ಅಂದರೆ ಎಲ್ಲರದೂ ಒಂದೇ ಉತ್ತರ: ಸಂಗೀತ, ನಾಟಕ, ವಾರ್ತೆ. ಆಮೇಲೆ ಮಾತು ನಿಂತೇ ಹೋಗುತ್ತದೆ. ಅದಕ್ಕೇ ನಾನು ಕಾರ್ಯಕ್ರಮದ ವಿಷಯ ಬಿಟ್ಟು ಪೆಟ್ಟಿಗೆಯ ವಿಷಯ ಕೇಳಲು ಶುರು ಮಾಡಿದೆ. ರೇಡಿಯೋ ಎಲ್ಲಿಟ್ಟಿದ್ದರು? ತಿರುಪು ಮುಟ್ಟುವ ಹಕ್ಕು ಯಾರಿಗಿತ್ತು? ಆಗ ನೋಡಿ, ಮಾತು ತಾನಾಗಿ ಬರುತ್ತದೆ. ನಡುಮನೆಯ ಈ ಗೋಡೆಯಿಂದ ಆ ಗೋಡೆಗೆ ಕಟ್ಟಿದ, ರೇಡಿಯೋ ಅಲೆ ಹಿಡಿಯುವ ಏರಿಯಲ್ ಜಾಲರಿ. ಪೆಟ್ಟಿಗೆಯೊಳಗಿನ ಗಾಜಿನ ವಾಲ್ವ್ ಬಿಸಿಯಾಗಿ ದನಿ ಬರೋವರೆಗೂ ಕಾಯೋದು. ಪಕ್ಕದ ಮನೆಯವರು ಬಂದು ಜಗುಲಿಯಲ್ಲಿ ಕೂರೋದು.

ಕಷ್ಟ ಇರೋದು ಇಸವಿಯಲ್ಲಿ. '1960ರಲ್ಲಿ ಮೈಸೂರು ಸ್ಟೇಷನ್ ಕೇಳ್ತಿದ್ವಿ' ಅಂತ ಖಚಿತವಾಗಿ ಹೇಳುವವರು ಸಿಗುತ್ತಾರೆ. ಆದರೆ 1955ರಿಂದ 1974ರವರೆಗೆ ಮೈಸೂರಿನಲ್ಲಿ ನಿಲಯವೇ ಇರಲಿಲ್ಲ. ಅವರು ಕೇಳಿದ್ದು ಬೆಂಗಳೂರನ್ನೇ ಇರಬೇಕು. ಅವರ ನೆನಪು ಸುಳ್ಳಲ್ಲ, ಊರಿನ ಹೆಸರು ಅದಲುಬದಲಾಗಿದೆ ಅಷ್ಟೇ. ಹಾಗಾಗಿ ನಾನು ಇಸವಿ ಕೇಳೋದೇ ಇಲ್ಲ. ಆಗ ಯಾವ ಮನೆಯಲ್ಲಿದ್ರಿ, ಅಕ್ಕನ ಮದುವೆ ಆಗಿತ್ತಾ, ಯಾವ ಕ್ಲಾಸು ಓದ್ತಿದ್ರಿ ಅಂತ ಕೇಳುತ್ತೇನೆ. ವರ್ಷ ಆಮೇಲೆ ಲೆಕ್ಕ ಹಾಕಬಹುದು.

ಇದಕ್ಕಿಂತ ಗಟ್ಟಿ ಸಾಕ್ಷಿ ಅಂದರೆ ರೇಡಿಯೋ ಲೈಸೆನ್ಸ್ ಪುಸ್ತಕ. ಆಗ ರೇಡಿಯೋ ಇಟ್ಟುಕೊಳ್ಳಲು ವರ್ಷವರ್ಷವೂ ಪೋಸ್ಟಾಫೀಸಿನಲ್ಲಿ ಶುಲ್ಕ ಕಟ್ಟಬೇಕಿತ್ತು. ಕಟ್ಟಿದ್ದಕ್ಕೆ ಪುಸ್ತಕದಲ್ಲಿ ಸ್ಟಾಂಪು ಅಂಟಿಸಿ ಮುದ್ರೆ ಒತ್ತುತ್ತಿದ್ದರು. ಯಾವ ಅಂಚೆ ಕಚೇರಿ, ಯಾವ ವರ್ಷ ಎರಡೂ ಅದರಲ್ಲೇ ಸಿಗುತ್ತವೆ. ಒಂದು ಮನೆಗೆ ರೇಡಿಯೋ ಬಂದ ಕಾಲ ಹೇಳಲು ಇದಕ್ಕಿಂತ ಒಳ್ಳೆಯ ಕಾಗದ ನನಗೆ ಸಿಕ್ಕಿಲ್ಲ.

ಸ್ಟಾಂಪು ಸಂಗ್ರಹಿಸುವವರು ಇಂಥ ಪುಸ್ತಕದಿಂದ ಸ್ಟಾಂಪು ಬಿಡಿಸಿಕೊಂಡುಬಿಡುತ್ತಾರೆ. ನಿಮ್ಮ ಅಟ್ಟದ ಮೇಲಿನ ಟ್ರಂಕಿನಲ್ಲಿ 1955ಕ್ಕಿಂತ ಹಿಂದಿನದು ಸಿಕ್ಕರೆ ದಯವಿಟ್ಟು ಹಾಗೆ ಮಾಡಬೇಡಿ. ಮೊದಲು ಪ್ರತಿ ಪುಟದ ಫೋಟೋ ತೆಗೆದಿಡಿ, ಖಾಲಿ ಪುಟಗಳದ್ದೂ ಸೇರಿಸಿ.